ಗೋವಾದಲ್ಲಿ ಮನೆ ಕಟ್ಟುವವರಿಗೆ: ಸಂಡಾಸಿನ ನೀರಿಗೆ ಯಾವ ವ್ಯವಸ್ಥೆ ಹೊಂದುತ್ತದೆ?

ಉಸಗಾಂವ್ ಹತ್ತಿರ ನಾನು ಮನೆ ಕಟ್ಟಿಸಿದಾಗ ಇಂಗುಗುಂಡಿ ತೋಡಿದ್ದು ಮೇ ತಿಂಗಳಲ್ಲಿ. ಕೊಪ್ಪಳ ಕಡೆಯ ಗೌಂಡಿ ಒಂದು ಕೊಡ ನೀರು ಸುರಿದು ತೋರಿಸಿದ. "ನೋಡ್ರಿ ಅಣ್ಣಾರ, ಕಲ್ಲಿನ ನೆಲ. ಹೆಂಗ ಕುಡೀತೈತಿ ನೋಡ್ರಿ. ಚಿಂತಿ ಬಿಡ್ರಿ." ಚಿಂತೆ ಬಿಟ್ಟೆ. ಜುಲೈಯಲ್ಲಿ ಅದೇ ಗುಂಡಿಯ ಮುಚ್ಚಳ ಸರಿಸಿದಾಗ ನೀರು ಕೈಗೆ ಎಟಕುವಷ್ಟು ಮೇಲೆ ನಿಂತಿತ್ತು. ಅದು ನಮ್ಮ ಮನೆಯಿಂದ ಬಂದ ನೀರಷ್ಟೇ ಆಗಿರಲಿಲ್ಲ, ನೆಲದೊಳಗಿನ ನೀರೇ ಏರಿ ಬಂದಿತ್ತು. ಕಾಂಪೌಂಡಿನ ಆಚೆಗೆ ಪಕ್ಕದ ಮನೆಯ ಆಜಿಯ ಬಾವಿ. ನಕ್ಷೆ ಮಾಡಿಸುವಾಗ ನಮ್ಮ ಬಾವಿಯಿಂದ ಗುಂಡಿಗೆ ಎಷ್ಟು ದೂರ ಎಂದು ಅಳೆದಿದ್ದೆವು, ಆಜಿಯ ಬಾವಿಯಿಂದ ಅಳೆದಿರಲೇ ಇಲ್ಲ. ಅವತ್ತು ಟೇಪು ಹಿಡಿದರೆ 9 ಮೀಟರ್.

ಬಾವಿ ನೀರಿನ ಪರೀಕ್ಷೆಗೆ ಸಿಗುವ ಹೈಡ್ರೋಜನ್ ಸಲ್ಫೈಡ್ ಬಾಟಲಿ ಎರಡು ತಂದೆ. ಬೆರಳುದ್ದದ ಬಾಟಲಿ. ಗುರುತಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಡಬೇಕು. ನೀರು ಕಪ್ಪಾದರೆ ಅದಕ್ಕೆ ಮಲದ ಸೂಕ್ಷ್ಮಾಣು ಸೇರಿರುವ ಸಂಭವ ಹೆಚ್ಚು ಎಂದರ್ಥ. ಆಜಿಯ ಬಾವಿಯ ಬಾಟಲಿ ಮರುದಿನ ಬೆಳಗ್ಗೆಯೇ ಮಸಿಯಂತೆ ಕಪ್ಪಾಗಿತ್ತು. ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋಗಿ ವಿಷಯ ಹೇಳಿದ ಆ ಹತ್ತು ನಿಮಿಷ ನಾನು ಮರೆತಿಲ್ಲ. ಈಗ ಫೋಂಡಾ, ವಾಸ್ಕೊ, ಮಾಪ್ಸಾ, ಸಾಖಳಿ ಸುತ್ತ ನಮ್ಮ ಕಡೆಯವರು ಯಾರು ಮನೆ ಕಟ್ಟಿದರೂ, "ಯಾವ ಟ್ಯಾಂಕ್ ಹಾಕಲಿ?" ಎಂದು ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಒಂದೇ ಮಾತು: ಮಳೆಗಾಲದಲ್ಲಿ ನಿಮ್ಮ ಜಾಗದಲ್ಲಿ ನೀರು ಎಷ್ಟು ಆಳಕ್ಕೆ ಸಿಗುತ್ತದೆ?

ಟ್ಯಾಂಕ್ ಯಾವುದೇ ಇರಲಿ, ಅದರಿಂದ ಹೊರಬೀಳುವ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸೆಪ್ಟಿಕ್ ಟ್ಯಾಂಕ್ ಹೊಲಸನ್ನು ಪೂರ್ತಿ ಶುದ್ಧ ಮಾಡುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಅದು ಗಟ್ಟಿ ಪದಾರ್ಥವನ್ನು ತಳಕ್ಕೆ ಕೂರಿಸುತ್ತದೆ, ಸ್ವಲ್ಪ ಕೊಳೆಸುತ್ತದೆ, ಅಷ್ಟೇ. ರೋಗಾಣುಗಳು ಹೊರಗೆ ಹರಿಯುವ ನೀರಿನಲ್ಲೇ ಇರುತ್ತವೆ. ಉಳಿದ ಕೆಲಸವನ್ನು ಮಣ್ಣು ಮಾಡಬೇಕು, ಮಣ್ಣಿಗೆ ಅದಕ್ಕೆ ಸಮಯವೂ ಜಾಗವೂ ಬೇಕು. ಗೋವಾದ ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲ ತೂತು ತೂತು. ನೀರು ಬೇಗ ಇಳಿದರೆ ನಮಗೆ ಖುಷಿ, ಆದರೆ ಅಷ್ಟು ಬೇಗ ಇಳಿದ ನೀರು ಸೋಸದೆಯೇ ಪಕ್ಕದ ಬಾವಿ ಸೇರುತ್ತದೆ. ಕಲಂಗುಟ್, ಕೋಲ್ವಾ ಕಡೆಯ ಮರಳಿನಲ್ಲಿಯೂ ಇದೇ ಕತೆ, ಮೇಲಾಗಿ ಅಲ್ಲಿ ನೀರು ಸ್ವಲ್ಪ ಆಳದಲ್ಲೇ ಸಿಗುತ್ತದೆ. ನದಿಯಂಚಿನ ಖಾಜನ್ ಗದ್ದೆಗಳ (ಉಪ್ಪುನೀರು ತಡೆಯಲು ಒಡ್ಡು ಕಟ್ಟಿದ ತಗ್ಗು ಗದ್ದೆಗಳ) ಪಕ್ಕ ಜೇಡಿಮಣ್ಣು, ಅಲ್ಲಿ ನೀರು ಇಂಗುವುದೇ ಇಲ್ಲ. ಪುಟ್ಟ ರಾಜ್ಯ, ಆದರೆ ಹತ್ತು ಕಿಲೋಮೀಟರಿಗೆ ನೆಲದ ಗುಣ ಬೇರೆ.

ನೆಲವನ್ನು ಪರೀಕ್ಷಿಸುವುದು

ಇದಕ್ಕೆ ಇಂಜಿನಿಯರೇ ಬೇಕೆಂದಿಲ್ಲ. ನೀರು ಇಂಗಬೇಕಾದ ಆಳಕ್ಕೆ ಒಂದು ಗೇಣು ಅಗಲದ ಕುಳಿ ತೋಡಿ. ಹಾರೆ ತಾಗಿ ನುಣುಪಾದ ಗೋಡೆಯನ್ನು ಚೂಪಾದ ಕಡ್ಡಿಯಿಂದ ಕೆರೆದು ಒರಟು ಮಾಡಿ. ತಳಕ್ಕೆ 5 ಸೆಂಟಿಮೀಟರ್ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಹಾಕಿ, ಅದರ ಮೇಲೆ 30 ಸೆಂಟಿಮೀಟರ್ ನೀರು ತುಂಬಿ ರಾತ್ರಿಯೆಲ್ಲ ಬಿಡಿ. ಒಣ ನೆಲಕ್ಕೆ ಸುರಿದ ಮೊದಲ ಕೊಡದ ಲೆಕ್ಕ ಲೆಕ್ಕವೇ ಅಲ್ಲ. ನನ್ನ ಗೌಂಡಿ ತಪ್ಪಿದ್ದು ಅಲ್ಲೇ. ಮರುದಿನ ಜಲ್ಲಿಯ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲಿಸಿ, ಅದು 2.5 ಸೆಂಟಿಮೀಟರ್ ಇಳಿಯಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ.

ಸೆಪ್ಟಿಕ್ ಟ್ಯಾಂಕಿಗೆಂದು ಇರುವ ಭಾರತೀಯ ಮಾನಕ ಐಎಸ್ 2470 ಈ ನಿಮಿಷಗಳ ಮೇಲೆಯೇ ಆಯ್ಕೆಯನ್ನು ಹೇಳುತ್ತದೆ. 30 ನಿಮಿಷದೊಳಗೆ ಇಳಿದು, ಅಂತರ್ಜಲ ನೆಲಮಟ್ಟದಿಂದ 1.8 ಮೀಟರಿಗಿಂತ ಕೆಳಗಿದ್ದರೆ ಇಂಗುಗುಂಡಿ ನಡೆಯುತ್ತದೆ. ಅಂತರ್ಜಲ 1.8 ಮೀಟರಿನೊಳಗೇ ಇದ್ದರೆ ಗುಂಡಿ ಬೇಡ, ನೆಲದ ಮೇಲೆ ದಿಬ್ಬದಂತೆ ಏರಿಸಿದ ಇಂಗುಕಾಲುವೆ (ಜಲ್ಲಿಯ ನಡುವೆ ಪೈಪು ಹಾಸಿ ನೀರು ಇಂಗಿಸುವ ಉದ್ದ ಕಾಲುವೆ) ಮಾಡಬೇಕು. 30ರಿಂದ 60 ನಿಮಿಷ ಹಿಡಿದರೆ ಇಂಗುಕಾಲುವೆಯೇ ಸರಿ. 60 ದಾಟಿದರೆ ಆ ಮಣ್ಣನ್ನು ನಂಬುವಂತಿಲ್ಲ, ಟ್ಯಾಂಕಿನ ನಂತರ ಒಂದು ಜಲ್ಲಿಯ ಸೋಸುಗ ಕಟ್ಟಬೇಕು. ಇಂಗುವ ಜಾಗ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಮನೆಯಿಂದ 6 ಮೀಟರ್ ದೂರ ಇರಬೇಕು ಎನ್ನುತ್ತದೆ ಅದೇ ಮಾನಕ. ಬಾವಿ ಎಂದರೆ ನಿಮ್ಮದು ಮಾತ್ರವಲ್ಲ, ನಾಲ್ಕೂ ಕಡೆಯ ಕಾಂಪೌಂಡಿನ ಆಚೆಗಿನವೂ ಲೆಕ್ಕಕ್ಕೆ ಬರುತ್ತವೆ. ಅಂತರ್ಜಲವನ್ನು ಮಳೆಗಾಲದ ನಡುವೆ ನೋಡಿ. ಸಾಧ್ಯವಾಗದಿದ್ದರೆ ಅಕ್ಕಪಕ್ಕದವರನ್ನು, "ಶ್ರಾವಣದಲ್ಲಿ ನಿಮ್ಮ ಬಾವಿ ಎಷ್ಟನೇ ಮೆಟ್ಟಿಲಿಗೆ ಬರುತ್ತದೆ?" ಎಂದು ಕೇಳಿ. ಅವರಷ್ಟು ಖಚಿತವಾಗಿ ಯಾರೂ ಹೇಳಲಾರರು.

ಒಳಚರಂಡಿ ಇದ್ದರೆ ಬೇರೆ ಯೋಚನೆ ಬೇಡ

ಪಣಜಿ, ಮಡಗಾಂವ್, ವಾಸ್ಕೊದ ಹಲವು ಭಾಗಗಳಲ್ಲಿ ಸರಕಾರದ ಒಳಚರಂಡಿ ಇದೆ. ನಿಮ್ಮ ರಸ್ತೆಯಲ್ಲಿ ಪೈಪು ಹಾದಿದ್ದರೆ ಸಂಪರ್ಕ ತೆಗೆದುಕೊಳ್ಳಿ. ಗೋವಾ ಸರಕಾರ 2008ರಲ್ಲಿ ಒಳಚರಂಡಿಗೆಂದೇ ಕಾಯ್ದೆ ಮಾಡಿದೆ. ಸಂಪರ್ಕ ಕೊಡಿಸಿದ ಮೇಲೆ ಹಳೆಯ ಸೆಪ್ಟಿಕ್ ಟ್ಯಾಂಕನ್ನು ಖಾಲಿ ಮಾಡಿಸಿ ಮಣ್ಣು ತುಂಬಿಸಿಬಿಡಿ. ತುಂಬಿಸದೆ ಹಾಗೇ ಬಿಟ್ಟರೆ ಒಂದು ದಿನ ಮುಚ್ಚಳ ಕುಸಿಯುತ್ತದೆ. ಮಾಳಿಗೆಯ ಮಳೆನೀರನ್ನು ಮಾತ್ರ ಆ ಪೈಪಿಗೆ ಬಿಡಬೇಡಿ. ಈ ಊರಿನ ಮಳೆಗೆ ಚೇಂಬರ್ ಉಕ್ಕಿ ಇಡೀ ಓಣಿಗೆ ಹೊಲಸು ಹರಡುತ್ತದೆ.

ಜೋಡಿ ಗುಂಡಿ

ಸರಕಾರಿ ಶೌಚಾಲಯ ಯೋಜನೆಗಳಲ್ಲಿ ಕೊಡುವುದು ಇದನ್ನೇ. ಒಂದು ಗುಂಡಿ ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ಒಣಗಿ ಗೊಬ್ಬರವಾಗುತ್ತದೆ. ಗಾಡಿ ಕರೆಸುವ ಖರ್ಚಿಲ್ಲ, ಕರೆಂಟು ಬೇಡ. ಸಣ್ಣ ಕುಟುಂಬಕ್ಕೆ, ಎತ್ತರದ ಜಾಗದಲ್ಲಿ, ಇದಕ್ಕಿಂತ ಸರಳವಾದದ್ದು ನನಗೆ ಗೊತ್ತಿಲ್ಲ. ಆದರೆ ಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ 2 ಮೀಟರ್ ಒಣ ನೆಲ ಇರಬೇಕು. ಸಂಡಾಸಿನ ನೀರು ಮಾತ್ರ ಹೋಗಬೇಕು. ಬಚ್ಚಲಿನದೂ ಪಾತ್ರೆ ತೊಳೆದದ್ದೂ ಸೇರಿದರೆ ಗುಂಡಿ ಒಣಗುವುದೇ ಇಲ್ಲ. ತೂತು ನೆಲದಲ್ಲಿ ಗುಂಡಿಯ ಸುತ್ತ ಅರ್ಧ ಮೀಟರ್ ದಪ್ಪ ನಯವಾದ ಮರಳಿನ ಕವಚ ಹಾಕಿ, ತಳವನ್ನು ಜೇಡಿಯಿಂದ ಮುಚ್ಚಿಸಿ. ಆಗ ನೀರು ಮರಳಿನ ಮೂಲಕ ಪಕ್ಕಕ್ಕೆ ಸೋಸಿಕೊಂಡು ಹೋಗುತ್ತದೆ. ಈ ಮರಳಿನ ಉಪಾಯ ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಗೂ ಒಳ್ಳೆಯದು. ನಮ್ಮ ಗೌಂಡಿಗಳಲ್ಲಿ ತುಂಬ ಕಡಿಮೆ ಜನ ಇದನ್ನು ಮಾಡುತ್ತಾರೆ.

ಸೆಪ್ಟಿಕ್ ಟ್ಯಾಂಕ್: ಹತ್ತರಲ್ಲಿ ಎಂಟು ಮನೆಯವರು ಇದನ್ನೇ ಕಟ್ಟುತ್ತಾರೆ

ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಐದು ಜನರ ಮನೆಗೆ ಐಎಸ್ 2470 ಹೇಳುವ ಅಳತೆ ಉದ್ದ 1.5 ಮೀಟರ್, ಅಗಲ 0.75 ಮೀಟರ್, ನೀರಿನ ಆಳ 1 ಮೀಟರ್. ನೀರಿನ ಮೇಲೆ 30 ಸೆಂಟಿಮೀಟರ್ ಖಾಲಿ ಜಾಗ ಬೇರೆ. ಎರಡು ವರ್ಷಕ್ಕೊಮ್ಮೆ ಕೆಸರು ತೆಗೆಸುವ ಲೆಕ್ಕ ಇದು. ಇಪ್ಪತ್ತು ಜನರಾದರೆ 2.3 ಮೀಟರ್ ಉದ್ದ, 1.1 ಮೀಟರ್ ಅಗಲ, 1.3 ಮೀಟರ್ ಆಳ, ಮೂರು ವರ್ಷಕ್ಕೊಮ್ಮೆ ತೆಗೆಸುವುದಾದರೆ ಆಳ 1.8 ಮೀಟರ್.

ನಮ್ಮವರು ಎಡವುವುದು ಇಲ್ಲೇ. ಮೊದಲು ಗಂಡ ಹೆಂಡತಿ ಮಕ್ಕಳಿಗೆಂದು ಐದು ಜನರ ಟ್ಯಾಂಕ್ ಕಟ್ಟುತ್ತೇವೆ. ನಾಲ್ಕು ವರ್ಷಕ್ಕೆ ಹಿತ್ತಲಲ್ಲಿ ಬಾಡಿಗೆಗೆ ನಾಲ್ಕು ಖೋಲಿ ಎದ್ದು ನಿಲ್ಲುತ್ತವೆ. ಊರಿಂದ ಬಂದ ಹುಡುಗರು ಒಂದೊಂದು ಖೋಲಿಯಲ್ಲಿ ಮೂವರು ನಾಲ್ವರು. ಹದಿನೆಂಟು ಜನರ ಹೊಲಸು ಐದು ಜನರ ಟ್ಯಾಂಕಿಗೆ. ನೀರು ಒಂದು ದಿನವೂ ನಿಲ್ಲದೆ ಸರಕ್ಕನೆ ದಾಟಿ, ಕೆಸರಿನ ಸಮೇತ ಇಂಗುಗುಂಡಿಗೆ ಹೋಗಿ, ಗುಂಡಿಯ ಗೋಡೆಗೆ ಜಿಡ್ಡು ಹಿಡಿಯುತ್ತದೆ. ಆಮೇಲೆ "ಇಂಗುಗುಂಡಿ ಕೆಟ್ಟಿತು" ಎಂದು ಅದರ ಪಕ್ಕ ಇನ್ನೊಂದು ತೋಡುತ್ತೇವೆ. ಕೆಟ್ಟಿದ್ದು ಲೆಕ್ಕ. ಮುಂದೆ ಖೋಲಿ ಕಟ್ಟುವ ಆಸೆ ಒಂದಿಷ್ಟಿದ್ದರೂ ಇವತ್ತೇ ಇಪ್ಪತ್ತು ಜನರ ಟ್ಯಾಂಕ್ ಕಟ್ಟಿಬಿಡಿ. ಅಗೆತ ಹೇಗೂ ಒಮ್ಮೆ ಮಾಡುವುದೇ.

ಕಟ್ಟುವಾಗ ನೀವೇ ನಿಂತು ನೋಡಬೇಕಾದದ್ದು ಕೆಲವಿದೆ. ತಳಕ್ಕೆ ಕಾಂಕ್ರೀಟು, ಒಳಗೋಡೆಗೆ ಸಿಮೆಂಟ್ ಗಿಲಾವು ಆಗಲೇಬೇಕು. ಹಣ ಉಳಿಸಲು ಬುಡ ಬಿಟ್ಟು ಕಟ್ಟಿದ ಟ್ಯಾಂಕ್ ಟ್ಯಾಂಕೇ ಅಲ್ಲ, ದೊಡ್ಡ ಇಂಗುಗುಂಡಿ. ನಡುವೆ ಅಡ್ಡಗೋಡೆ ಇರಬೇಕು, ಮೊದಲ ಕೋಣೆ ದೊಡ್ಡದು. ಒಳಬರುವ ಮತ್ತು ಹೊರಹೋಗುವ ಪೈಪುಗಳೆರಡಕ್ಕೂ ಟೀ ಆಕಾರದ ತುಂಡು ಜೋಡಿಸಿ, ಅದರ ಕೆಳಬಾಯಿ ನೀರಿನೊಳಗೆ ಮುಳುಗಿರಬೇಕು. ಬರೀ ನೆಟ್ಟಗಿನ ಪೈಪು ಇಟ್ಟರೆ ಮೇಲೆ ತೇಲುವ ಕೆನೆ ಸೀದಾ ಇಂಗುಗುಂಡಿಗೆ ಹೋಗುತ್ತದೆ. ಚಿಕ್ಕ ವಿಷಯ ಇದು, ಆದರೆ ನಾನು ತೆಗೆದು ನೋಡಿದ ಅರ್ಧಕ್ಕರ್ಧ ಟ್ಯಾಂಕುಗಳಲ್ಲಿ ಹೊರ ಟೀ ಇರಲಿಲ್ಲ. ಗಾಳಿ ಪೈಪಿನ ಬಾಯಿಗೆ ಸೊಳ್ಳೆ ಜಾಳಿಗೆ. ಪ್ರತಿ ಕೋಣೆಗೂ ತೆಗೆಯಬಹುದಾದ ಮುಚ್ಚಳ. ಅದರ ಮೇಲೆ ಟೈಲ್ಸ್ ಹಾಕಿ ಅಂಗಳ ಚೆಂದ ಮಾಡಬೇಡಿ. ಎಲ್ಲ ಮುಗಿದ ಮೇಲೆ ಟ್ಯಾಂಕಿಗೆ ಬರೀ ನೀರು ತುಂಬಿ ಒಂದು ದಿನ ಬಿಟ್ಟು ಮಟ್ಟ ನೋಡಿ. ಇಳಿದಿದ್ದರೆ ಸೋರುತ್ತಿದೆ, ಗೌಂಡಿಯ ಕೊನೆಯ ಹಣ ಕೊಡುವ ಮೊದಲೇ ಸರಿ ಮಾಡಿಸಿ. ಶುರುವಿಗೆ ಹಳೆಯ ಟ್ಯಾಂಕಿನ ಸ್ವಲ್ಪ ಕೆಸರು ಅಥವಾ ಕೊಳೆತ ಸಗಣಿಯ ಒಂದು ಬಕೆಟ್ ಸಾಕು. ಅಂಗಡಿಯ ಪುಡಿಗಳಿಗೆ ದುಡ್ಡು ಹಾಕಬೇಕಿಲ್ಲ.

ಖೋಲಿ ಇರುವ ಮನೆಗೂ ಬಿಗಿ ಮಣ್ಣಿನ ಜಾಗಕ್ಕೂ ನಾನು ಹೇಳುವುದು ಟ್ಯಾಂಕಿನ ಜೊತೆ ಕೆಳಗಿನಿಂದ ಮೇಲಕ್ಕೆ ಹರಿಯುವ ಜಲ್ಲಿ ಸೋಸುಗ. ಟ್ಯಾಂಕಿಗೆ ಮೂರನೆಯ ಕೋಣೆಯಂತೆ ಕಟ್ಟಿ, ತಳದಲ್ಲಿ ತೂತಿನ ಹಲಗೆ, ಅದರ ಮೇಲೆ ಜಲ್ಲಿ. ನೀರು ಕೆಳಗೆ ನುಗ್ಗಿ ಜಲ್ಲಿಯ ಸಂದಿಗಳಲ್ಲಿ ಏರುತ್ತದೆ. ಕಲ್ಲಿಗೆ ಅಂಟಿದ ಸೂಕ್ಷ್ಮಾಣುಗಳು ದಾರಿಯಲ್ಲೇ ಹೊಲಸನ್ನು ತಿನ್ನುತ್ತವೆ. ಕರೆಂಟು ಬೇಡ, ಮೋಟರ್ ಬೇಡ. ಅಲ್ಲಿಂದ ಹೊರಬಂದ ನೀರನ್ನು ಜಾಗವಿದ್ದರೆ ಕಾಬಾಳೆ ನೆಟ್ಟ ಜಲ್ಲಿ ಪಾತಿಯ ಮೂಲಕ ಹಾಯಿಸಿ. ನೀರು ಜಲ್ಲಿಯ ಕೆಳಗೇ ಇರುವುದರಿಂದ ಸೊಳ್ಳೆಯಾಗುವುದಿಲ್ಲ. ಸಾಮಾನ್ಯ ಟ್ಯಾಂಕಿಗಿಂತ ಖರ್ಚು ಸ್ವಲ್ಪ ಹೆಚ್ಚು, ಆದರೆ ನನ್ನ ಕೈಯಲ್ಲಿ ಆಯ್ಕೆ ಇದ್ದರೆ ಇದನ್ನೇ ಮಾಡುತ್ತೇನೆ. ಆಜಿಯ ಬಾವಿಯ ಘಟನೆಯಾದ ಮೇಲೆ ಮಾಡಿದ್ದೂ ಇದನ್ನೇ. ಹಳೆಯ ಗುಂಡಿ ಮುಚ್ಚಿಸಿ, ಸೋಸುಗ ಕಟ್ಟಿಸಿ, ಜಾಗದ ಇನ್ನೊಂದು ಮೂಲೆಗೆ ಏರುದಿಬ್ಬದ ಕಾಲುವೆ ಒಯ್ದೆ.

ರೆಡಿಮೇಡ್ ಬಯೋಡೈಜೆಸ್ಟರ್

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಂಡುಹಿಡಿದ, ರೈಲುಗಳಲ್ಲಿ ಬಳಕೆಗೆ ಬಂದ ತಂತ್ರ ಇದು. ವಿಶೇಷ ಸೂಕ್ಷ್ಮಾಣು ತುಂಬಿದ ಟ್ಯಾಂಕ್. ಇಕ್ಕಟ್ಟಾದ ಜಾಗಕ್ಕೆ, ಬೇಗ ಮುಗಿಯಬೇಕಾದ ಕೆಲಸಕ್ಕೆ ಒಳ್ಳೆಯದು. ಆದರೆ ಈ ಹೆಸರಲ್ಲಿ ಮಾರುವ ಎಲ್ಲವೂ ಅದೇ ಅಲ್ಲ. ಬರೀ ಪ್ಲಾಸ್ಟಿಕ್ ಸೆಪ್ಟಿಕ್ ಟ್ಯಾಂಕಿಗೆ ಬಯೋ ಎಂದು ಚೀಟಿ ಅಂಟಿಸಿ ಕೊಡುವವರೂ ಇದ್ದಾರೆ. "ಜನ್ಮದಲ್ಲಿ ಖಾಲಿ ಮಾಡಬೇಕಿಲ್ಲ" ಎಂದರೆ ಅದನ್ನು ಬರೆದುಕೊಡಿ ಎನ್ನಿ. ಹೊರಬರುವ ನೀರಿನ ಪ್ರಯೋಗಾಲಯ ವರದಿ ಕೇಳಿ. ಆ ನೀರಿಗೂ ಇಂಗುವ ಜಾಗ ಬೇಕೇ ಬೇಕು, ಬಾವಿಯಿಂದ ಅಷ್ಟೇ ದೂರದಲ್ಲಿ. ಫಿನೈಲ್, ಆಸಿಡ್ ಸುರಿದು ಸಂಡಾಸು ತೊಳೆಯುವ ಮನೆಯಲ್ಲಿ ಸೂಕ್ಷ್ಮಾಣು ಬದುಕುವುದು ಕಷ್ಟ.

ಗೋವಾದ ಮಳೆಗೆ ಇನ್ನೊಂದು ಎಚ್ಚರಿಕೆ. ಹಗುರ ಟ್ಯಾಂಕನ್ನು ತಗ್ಗು ಜಾಗದಲ್ಲಿ ಹೂತು ಖಾಲಿ ಬಿಟ್ಟರೆ, ಸುತ್ತ ನೀರು ಏರಿದಾಗ ಅದು ದೋಣಿಯಂತೆ ಮೇಲೆ ತೇಲುತ್ತದೆ, ಪೈಪುಗಳೆಲ್ಲ ಕಿತ್ತುಹೋಗುತ್ತವೆ. ತಳಕ್ಕೆ ಕಾಂಕ್ರೀಟ್ ಹಾಸಿ, ಪಟ್ಟಿಯಿಂದ ಬಿಗಿದು, ಒಳಗೆ ನೀರು ತುಂಬುತ್ತಲೇ ಸುತ್ತ ಮಣ್ಣು ತುಂಬಿಸಬೇಕು.

ಗಾಳಿ ಊದುವ ಯಂತ್ರ

ಜಪಾನಿನ ಜೊಹ್ಕಾಸೊ ಮಾದರಿಯ ಮನೆ ಯಂತ್ರಗಳು ಈಗ ಇಲ್ಲೂ ಸಿಗುತ್ತವೆ. ಬ್ಲೋವರ್ ದಿನವಿಡೀ ಗಾಳಿ ಊದಿ, ಸಂಡಾಸು, ಬಚ್ಚಲು, ಅಡುಗೆಮನೆ ಎಲ್ಲದರ ನೀರನ್ನೂ ತೋಟಕ್ಕೆ ಬಿಡುವಷ್ಟು ಸ್ವಚ್ಛ ಮಾಡುತ್ತದೆ. ಬಾವಿಗಳ ನಡುವೆ ಸಿಕ್ಕಿಕೊಂಡ ಸಣ್ಣ ಜಾಗಕ್ಕೆ, ಹೋಮ್‌ಸ್ಟೇ ನಡೆಸುವವರಿಗೆ ಇದು ನಿಜಕ್ಕೂ ಉಪಯೋಗ. 50 ವಾಟ್ ಬ್ಲೋವರ್ ಎಂದರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್ ಕರೆಂಟು. ಅದು ಹೊರೆಯಲ್ಲ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋದಾಗ ಏನು, ಬ್ಲೋವರ್ ಕೆಟ್ಟರೆ ಯಾರು ಎಷ್ಟು ದಿನದಲ್ಲಿ ಬರುತ್ತಾರೆ ಎನ್ನುವುದು ಹೊರೆ.

ಜಪಾನಿನಲ್ಲಿ ಇದು ಯಶಸ್ವಿಯಾಗಿದ್ದು ಯಂತ್ರದಿಂದ ಮಾತ್ರ ಅಲ್ಲ. ಅಲ್ಲಿ 1983ರಲ್ಲಿ ಇದಕ್ಕೆಂದೇ ಕಾನೂನು ಬಂತು. ಹಾಕಿಸುವ ಮೊದಲು ಸರಕಾರಕ್ಕೆ ತಿಳಿಸಬೇಕು, ಬಳಕೆ ಶುರುವಾದ ಕೆಲವೇ ತಿಂಗಳಲ್ಲಿ ಒಂದು ತಪಾಸಣೆ, ಆಮೇಲೆ ಪ್ರತಿ ವರ್ಷವೂ ತಪಾಸಣೆ, ಪ್ರತಿ ವರ್ಷ ಕೆಸರು ತೆಗೆಸುವುದು ಮನೆಯವರ ಹೊಣೆ. ನಮ್ಮಲ್ಲಿ ಮನೆಗೆ ಒಮ್ಮೆ ಒಪ್ಪಿಗೆ ಸಿಕ್ಕ ಮೇಲೆ ಮುಚ್ಚಳ ತೆಗೆದು ನೋಡಲು ಯಾರೂ ಬರುವುದಿಲ್ಲ. ಇದು ನನಗೆ ಬಹಳ ಬೇಸರದ ಸಂಗತಿ. ವಾರ್ಷಿಕ ನಿರ್ವಹಣೆಯ ಕರಾರು ಬರೆದುಕೊಡದ ಕಂಪನಿಯಿಂದ ಈ ಯಂತ್ರ ಕೊಳ್ಳಬೇಡಿ.

ಪರವಾನಗಿ

ಗೋವಾದಲ್ಲಿ ಪಂಚಾಯ್ತಿ ಅಥವಾ ಪಾಲಿಕೆಯ ಕಟ್ಟಡ ಪರವಾನಗಿಯ ಜೊತೆಗೆ, ಸಾರ್ವಜನಿಕ ಆರೋಗ್ಯ ಕಾಯ್ದೆ 1985ರ ಅಡಿ ನಿಮ್ಮ ಭಾಗದ ಆರೋಗ್ಯ ಕೇಂದ್ರದ ಆರೋಗ್ಯಾಧಿಕಾರಿಯ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಬೇಕು. ನಕ್ಷೆಯಲ್ಲಿ ಟ್ಯಾಂಕ್, ಇಂಗುಗುಂಡಿ, ಸುತ್ತಲಿನ ಬಾವಿಗಳನ್ನೂ ದೂರದ ಸಮೇತ ಗುರುತು ಹಾಕಿಸಿ. ಕಾಗದಕ್ಕಾಗಿ ಗುರುತು ಹಾಕಿ, ಅಗೆಯುವಾಗ ಅನುಕೂಲದ ಕಡೆ ಅಗೆಯುವುದು ನಮ್ಮಲ್ಲಿ ಮಾಮೂಲಿ. ಬಾಡಿಗೆಗೆ ಇರುವವರು ಖೋಲಿ ಹಿಡಿಯುವ ಮೊದಲು ಟ್ಯಾಂಕ್ ಎಲ್ಲಿದೆ, ಕುಡಿಯುವ ನೀರಿನ ಬಾವಿ ಎಲ್ಲಿದೆ ಎಂದು ಮಾಲೀಕರನ್ನು ಕೇಳಿಬಿಡಿ.

ವರ್ಷಕ್ಕೊಮ್ಮೆ ಮುಚ್ಚಳ ತೆಗೆಯುವುದು

ಏಪ್ರಿಲ್‌ನಲ್ಲಿ, ಮಳೆಗೆ ಮುಂಚೆ, ನಾನು ಒಂದು ಉದ್ದ ಬಿದಿರಿನ ತುದಿಗೆ ಹಳೆಯ ಬಿಳಿ ಪಂಚೆಯ ತುಂಡು ಸುತ್ತಿ ಕಟ್ಟುತ್ತೇನೆ. ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ದೂರ ನಿಂತು, ಬಿದಿರನ್ನು ನಿಧಾನ ತಳ ಮುಟ್ಟಿಸಿ ಎತ್ತಿದರೆ ಕಪ್ಪು ಕೆಸರು ಬಟ್ಟೆಗೆ ಎಲ್ಲಿಯವರೆಗೆ ಹಿಡಿದಿದೆ ಎಂದು ಗೆರೆ ಎಳೆದಂತೆ ಕಾಣುತ್ತದೆ. ಆಳದ ಮೂರನೇ ಒಂದು ಭಾಗ ದಾಟಿದರೆ ಗಾಡಿ ಕರೆಸುತ್ತೇನೆ. ಎದುರಿಗೆ ಬೀಡಿ, ಕಡ್ಡಿ ಗೀರುವಂತಿಲ್ಲ, ಒಳಗೆ ಮಿಥೇನ್ ಇರುತ್ತದೆ. ಬಗ್ಗಿ ಮುಖ ಹಾಕುವಂತೆಯೂ ಇಲ್ಲ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಿದ್ದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ, ಅಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ.

ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ, ಎಷ್ಟೇ ಹಣ ಕೊಟ್ಟರೂ, ಅವರೇ ಇಳಿಯುತ್ತೇನೆ ಎಂದರೂ. ಈ ಕೆಲಸಕ್ಕೆ ಬರುವ ಹುಡುಗರಲ್ಲಿ ನಮ್ಮ ಜಿಲ್ಲೆಗಳವರೂ ಇರುತ್ತಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ಅಪರಾಧವೆಂದು ಸಾರಿದೆ. ಒಳಚರಂಡಿ ಸಾವುಗಳಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಪೈಪಿನಿಂದ ಎಳೆಯುವ ಟ್ಯಾಂಕರ್ ಗಾಡಿಯನ್ನೇ ಕರೆಸಿ. ಸ್ವಚ್ಛತೆಯ ದೂರುಗಳಿಗೆ 14420 ಎಂಬ ಸಹಾಯವಾಣಿಯನ್ನು ಕೇಂದ್ರ ಸರಕಾರ ಗೊತ್ತುಮಾಡಿದೆ. ಗಾಡಿಯವನನ್ನು ಎಲ್ಲಿ ಸುರಿಯುತ್ತೀ ಎಂದು ಕೇಳಿ. ಶುದ್ಧೀಕರಣ ಘಟಕದ ಹೆಸರು ಹೇಳದವನಿಗೆ ಕೆಲಸ ಕೊಡಬೇಡಿ. ಇಲ್ಲದಿದ್ದರೆ ನಿಮ್ಮ ಟ್ಯಾಂಕಿನ ಕೆಸರು ರಾತ್ರೋರಾತ್ರಿ ಯಾವುದೋ ನಾಲೆಗೆ ಬೀಳುತ್ತದೆ.

ಜುಲೈ ಬಂದರೆ ಇನ್ನೊಂದು ಕೆಲಸ. ನೀರು ಮೇಲೇರಿದ ಹೊತ್ತಿಗೆ ಎರಡು ಬಾಟಲಿ ತರುತ್ತೇನೆ, ಒಂದು ನಮ್ಮ ಬಾವಿಗೆ, ಒಂದು ಆಜಿಯ ಬಾವಿಗೆ. ಕಾಲುವೆ ಸ್ಥಳ ಬದಲಿಸಿದ ಮೊದಲ ವರ್ಷ ಅವರದು ಮತ್ತೆ ಕಪ್ಪಾಯಿತು. ಬಾವಿ ತೊಳೆಸಿ ಬ್ಲೀಚಿಂಗ್ ಪುಡಿ ಹಾಕಿಸಿದೆವು, ಆ ವರ್ಷವಿಡೀ ಅವರು ಕುದಿಸಿಯೇ ಕುಡಿದರು. ಮುಂದಿನ ಜುಲೈಯಲ್ಲಿ ಬಾಟಲಿಯನ್ನು ಅವರೇ ಅಡುಗೆಮನೆಯ ಕಪಾಟಿನಲ್ಲಿಟ್ಟು, ಎರಡು ದಿನ ಕಳೆದ ಮೇಲೆ ಕಾಂಪೌಂಡಿನ ಮೇಲಿಂದ ಎತ್ತಿ ತೋರಿಸಿದರು. ಕಪ್ಪಾಗಿರಲಿಲ್ಲ.